ಸಹಾಯ ಬೇಕು: ಎಆರ್ ಬಾಣ ಇಲ್ಲದಿದ್ರೆ ಹುಡುಗರ ಕೈ ಓಡಲ್ಲ

ನಮಸ್ಕಾರ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್‌ಗೆ ಪಾಠ ಮಾಡ್ತೀನಿ. ಸ್ಟಾರ್-ಡೆಲ್ಟಾ ಸ್ಟಾರ್ಟರ್ (ಮೋಟರನ್ನ ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಯಲ್ಲಿ ಓಡಿಸೋ ಸಾಧನ) ವೈರಿಂಗ್‌ಗೆ ಟ್ಯಾಬ್‌ನಲ್ಲಿ ಎಆರ್ ಆ್ಯಪ್ ಬಳಸ್ತಿದ್ದೀವಿ; ಕ್ಯಾಮೆರಾದಲ್ಲಿ ಕಾಣೋ ನಿಜವಾದ ಸ್ಟಾರ್ಟರ್ ಮೇಲೇ ಅದು ಬಾಣ ತೋರಿಸುತ್ತೆ. ಬಾಣ ತೋರಿಸಿದ ಟರ್ಮಿನಲ್‌ಗೆ ಹುಡುಗರು ಚಕಚಕ ಅಂತ ವೈರ್ ಹಾಕ್ತಾರೆ, ಮೋಟರೂ ತಿರುಗುತ್ತೆ. ಟ್ಯಾಬ್ ಪಕ್ಕಕ್ಕಿಟ್ಟು, ‘ಸ್ಟಾರ್ ಕಾಂಟ್ಯಾಕ್ಟರ್‌ನ ಎನ್‌ಸಿ ಡೆಲ್ಟಾ ಕಾಯಿಲ್ ಲೈನ್‌ನಲ್ಲಿ ಯಾಕಿದೆ?’ ಅಂದ್ರೆ ಮುಖ ಮುಖ ನೋಡ್ಕೋತಾರೆ. ಕಾಂಟ್ಯಾಕ್ಟರ್ ಅಂದ್ರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಆನ್ ಆಗೋ ಸ್ವಿಚ್; ಎನ್‌ಸಿ ಅಂದ್ರೆ ಅದು ಆನ್ ಆದಾಗ ಬಿಟ್ಟುಕೊಳ್ಳೋ ಸಂಪರ್ಕ, ಹಾಗಾಗಿ ಸ್ಟಾರ್ ಆನ್ ಇದ್ದಾಗ ಡೆಲ್ಟಾ ಆನ್ ಆಗಲ್ಲ. ಸ್ಟಾರ್, ಡೆಲ್ಟಾ ಎರಡೂ ಒಟ್ಟಿಗೆ ಆನ್ ಆದ್ರೆ ಮೂರೂ ಫೇಸ್ ಶಾರ್ಟ್! ಪಾಠದ ಜೀವವೇ ಅದು.

ಬಾಣ ಬರೋ ಮುಂಚೆ ‘ಮುಂದಿನ ವೈರ್ ಎಲ್ಲಿಗೆ, ಯಾಕೆ?’ ಅಂತ ಕೇಳಿಸಿ, ಆಮೇಲೆ ಬಾಣಗಳನ್ನ ಒಂದೊಂದಾಗಿ ಕಮ್ಮಿ ಮಾಡೋ ಯೋಚನೆ ಇದೆ. ಪರದೆ ತುಂಬ ವಿವರಣೆ ಬೇಡ, ಯಾರೂ ಓದಲ್ಲ. ಯೂನಿಟಿಯಲ್ಲಿ (ಇಂಥ ಆ್ಯಪ್ ಮಾಡೋ ಸಾಫ್ಟ್‌ವೇರ್) ಇಂಥದ್ದು ಮಾಡಿದವರು ಇದ್ದೀರಾ? ಬಾಣ ಯಾವಾಗ ತೆಗೀಬೇಕು, ಎಷ್ಟು ಸಲ ಮಾಡಿದ್ರು ಅಂತ ನೋಡಿಯಾ, ಉತ್ತರ ಸರಿಯಿದೆಯಾ ಅಂತ ನೋಡಿಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.