ಮೆಚ್ಚಿದ ಪಾತ್ರವನ್ನು ಬರೆದವರೇ ಕೆಡಿಸಿದರೆ ಮುಂದೆ ಓದಬೇಕಾ? ಅನುಭವ ಇದ್ದವರು ಹೇಳಿ

ಪುಟತಿರುವಿ:
ಏಳು ಭಾಗದ ಒಂದು ಕಾದಂಬರಿ ಸರಣಿ ಓದುತ್ತಿದ್ದೇನೆ. ಆರು ಬಂದಿವೆ, ಒಂದು ಬಾಕಿ. ಹೆಸರು ಬೇಡ, ಹೇಳಿದರೆ ಮಾತೆಲ್ಲ ಅದರ ಮೇಲೇ ಹೋಗುತ್ತದೆ. ಅದರಲ್ಲಿ ಒಬ್ಬ ಸೇನಾಪತಿ ಇದ್ದಾನೆ. ಕೊಟ್ಟ ಮಾತಿಗಾಗಿ ಒಂದು ಕಣ್ಣು ಕಳೆದುಕೊಂಡವನು. ಆರನೇ ಭಾಗದ ಕೊನೆಯಲ್ಲಿ, ಒಂದೇ ಅಧ್ಯಾಯದಲ್ಲಿ, ಸ್ವಂತ ತಂಗಿಯನ್ನು ಶತ್ರುಗಳಿಗೆ ಒಪ್ಪಿಸಿಬಿಡುತ್ತಾನೆ. ಯಾಕೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ. ಕೊನೆಯ ಭಾಗಕ್ಕೆ ಕಾಯಲಾ, ಇಲ್ಲಿಗೇ ಬಿಡಲಾ, ಅಥವಾ ನನಗೆ ಸರಿ ಅನ್ನಿಸಿದ ಕೊನೆಯನ್ನು ನಾನೇ ಬರೆದುಕೊಳ್ಳಲಾ? ಹೀಗಾದವರು ಏನು ಮಾಡಿದಿರಿ?

ಅರ್ಧಕ್ಕೆ ಬಿಟ್ಟವಳು:
ಬಿಟ್ಟುಬಿಡಿ. ನಾನು ಬಿಟ್ಟೆ, ಹಾಯಾಗಿದ್ದೇನೆ.

ನನ್ನದು ಪತ್ತೇದಾರಿ ಸರಣಿ. ಅದರ ಇನ್ಸ್‌ಪೆಕ್ಟರ್‌ಗೆ ಸಿಟ್ಟು ಬಂದಷ್ಟೂ ದನಿ ತಗ್ಗುತ್ತಿತ್ತು. ಅವಳು ಪಿಸುಗುಟ್ಟಿದಳು ಅಂದರೆ ಎದುರಿಗಿದ್ದವನ ಕಥೆ ಮುಗೀತು ಅಂತ ನಮಗೆಲ್ಲ ಗೊತ್ತಿತ್ತು. ಐದನೇ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಕಿರುಚಾಡತೊಡಗಿದಳು. ಫೈಲ್ ಎಸೆಯುತ್ತಾಳೆ, ಬಾಗಿಲು ಒದೆಯುತ್ತಾಳೆ, ಅಳುತ್ತಾಳೆ. ಯಾಕೆ ಗೊತ್ತಾ? ಒಬ್ಬ ಹೊಸ ಪ್ರೇಮಿಯನ್ನು ತಂದಿದ್ದರು, ಅವನಿಗೆ ಸಮಾಧಾನ ಮಾಡೋ ಕೆಲಸ ಬೇಕಿತ್ತು. ಅಷ್ಟೇ. ಅವನಿಗಾಗಿ ಇವಳ ಸ್ವಭಾವವನ್ನೇ ಬಲಿ ಕೊಟ್ಟರು.

ಬಿಡೋದು ಸುಲಭ ಅಂತ ಯಾರೂ ತಿಳ್ಕೋಬೇಡಿ. ಯಾವ ಸಾಕ್ಷಿ ಯಾವ ಅಧ್ಯಾಯದಲ್ಲಿ ಬಂತು, ಯಾರು ಯಾವಾಗ ಸುಳ್ಳು ಹೇಳಿದರು ಅಂತ ಎರಡು ಬಣ್ಣದ ಪೆನ್ನಿನಲ್ಲಿ ಬರೆದಿಟ್ಟ ನೋಟ್‌ಬುಕ್ ಇತ್ತು. ಹರಿದು ಹಾಕಿದೆ. ಅಂಚಿನ ತುಂಬ ಪೆನ್ಸಿಲ್ ಗುರುತು ಇದ್ದ ಪ್ರತಿಗಳನ್ನು ಯಾರಿಗೋ ಕೊಟ್ಟೆ. ಜೊತೆಗೆ ಓದುತ್ತಿದ್ದ ಗೆಳತಿಯರು ಮಾತು ಶುರು ಮಾಡಿದರೆ ನಾನು ಎದ್ದು ಹೋಗಬೇಕಿತ್ತು. ಒಬ್ಬಳಂತೂ ಕೊನೆಯ ಪುಸ್ತಕದಲ್ಲಿ ಯಾರು ಸಾಯುತ್ತಾರೆ ಅಂತ ಹೇಳಿಯೇಬಿಟ್ಟಳು. ‘ನೀನು ಹೇಗಿದ್ದರೂ ಬಿಟ್ಟಿದ್ದೀಯಲ್ಲ, ನಿನಗೆಂಥ ಸ್ಪಾಯ್ಲರ್’ ಅಂದಳು. ಅವಳ ಜೊತೆ ಈಗಲೂ ಮಾತಿಲ್ಲ.

ಕೊನೆಪುಟ:
ಅರ್ಧ ಓದಿದವರು ಪೂರ್ತಿ ಪಾತ್ರದ ಬಗ್ಗೆ ತೀರ್ಪು ಕೊಡೋದು ಯಾವ ನ್ಯಾಯ?

ನಾನು ಬಿಡದೆ ಓದಿದವನು. ವಿಜ್ಞಾನ ಕಥೆಗಳ ಸರಣಿ, ಒಂದೊಂದು ಪುಸ್ತಕವೂ ಇಟ್ಟಿಗೆ. ಹೊಸದು ಬರೋಕೆ ವರ್ಷಗಟ್ಟಲೆ ತಡ. ಬರುವ ಹೊತ್ತಿಗೆ ಹಿಂದಿನದೆಲ್ಲ ಮರೆತಿರುತ್ತದೆ, ಮತ್ತೆ ಮೊದಲಿಂದ ಓದಬೇಕು. ನನ್ನ ರಜೆಗಳೆಲ್ಲ ಅದಕ್ಕೇ ಹೋದವು. ಆ ಹಡಗಿನ ವೈದ್ಯ ನಾಲ್ಕನೇ ಪುಸ್ತಕದಲ್ಲಿ ಒಬ್ಬ ರೋಗಿಯನ್ನು ಸುಮ್ನೆ ಸಾಯಲು ಬಿಡುತ್ತಾನೆ. ಎಲ್ಲರೂ ಉಗಿದರು. ಕೊನೆಯ ಪುಸ್ತಕದಲ್ಲಿ ಗೊತ್ತಾಯಿತು, ಅವನು ಎರಡನೆಯದರಿಂದಲೂ ಔಷಧಿ ಕದಿಯುತ್ತಿದ್ದ, ಆ ರೋಗಿಗೆ ಅದು ಗೊತ್ತಿತ್ತು. ಎರಡನೇ ಪುಸ್ತಕದಿಂದ ಅಲ್ಲಲ್ಲಿ ‘ಇವತ್ತೂ ಒಂದು ಸೀಸೆ ಒಡೆಯಿತು’ ಅನ್ನುತ್ತಾನೆ. ನಾವೆಲ್ಲ ಕೈ ನಡುಗುವ ಮುದುಕನ ತಮಾಷೆ ಅಂದುಕೊಂಡಿದ್ದೆವು. ಹಿಂದಕ್ಕೆ ಹೋಗಿ ಆ ಸೀಸೆಗಳನ್ನೆಲ್ಲ ಹುಡುಕಿದೆ. ಇದ್ದವು. ಆ ಖುಷಿ ಎದ್ದು ಹೋದವರಿಗೆ ಎಲ್ಲಿ ಸಿಗಬೇಕು.

ಎಲ್ಲವೂ ಸರಿ ಹೋಯಿತು ಅಂತಲ್ಲ. ಮೂರನೇ ಪುಸ್ತಕದಲ್ಲಿ ಸಣ್ಣ ನೌಕೆ ಹತ್ತಿ ಹೋದ ಎಂಜಿನಿಯರ್ ವಾಪಸ್ ಬರಲೇ ಇಲ್ಲ. ಸತ್ತನಾ, ಬರೆದವರಿಗೇ ಮರೆತುಹೋಯಿತಾ, ಯಾರಿಗೂ ಗೊತ್ತಿಲ್ಲ. ಅದು ಈಗಲೂ ಚುಚ್ಚುತ್ತದೆ.

ಅರ್ಧಕ್ಕೆ ಬಿಟ್ಟವಳು:
ಸೀಸೆ ಹುಡುಕೋಕೆ ಇದ್ದಬದ್ದ ರಜೆಯೆಲ್ಲ ಸುರಿದವರು ನನಗೆ ನ್ಯಾಯ ಹೇಳ್ತೀರಾ? ನನ್ನ ಇನ್ಸ್‌ಪೆಕ್ಟರ್ ವಿಷಯದಲ್ಲಿ ಸೀಸೆ ಗೀಸೆ ಏನೂ ಇರಲಿಲ್ಲ. ಗೆಳತಿಯರು ಕೊನೆತನಕ ಓದಿದರು, ಅವರಿಗೂ ಸಿಗಲಿಲ್ಲ.

ಅಂಚುಟಿಪ್ಪಣಿ:
ಬರೆಯಿರಿ ಅನ್ನೋಳು ನಾನು. ಬೇರೆಯವರ ಪಾತ್ರ ಇಟ್ಟುಕೊಂಡು ಅಭಿಮಾನಿಗಳು ಬರೆಯೋ ಕಥೆ, ಈ ಫ್ಯಾನ್ ಫಿಕ್ಷನ್, ಹುಡುಗಾಟ ಅಂದುಕೊಂಡವರು ಒಂದು ಅಧ್ಯಾಯ ಬರೆದು ನೋಡಲಿ.

ನಾನು ಎತ್ತಿಕೊಂಡಿದ್ದು ಒಂದು ಚಿಕ್ಕ ಪಾತ್ರ, ರಾಜನ ವಿಧವೆ ಅಕ್ಕ. ಮೂಲದಲ್ಲಿ ಅವಳಿಗೆ ಸಿಕ್ಕಿದ್ದು ನಾಲ್ಕೈದು ದೃಶ್ಯ. ಬರೆಯೋಕೆ ಕೂತಾಗ ಶುರುವಾಯಿತು ತಾಪತ್ರಯ. ಮೊದಲ ಭಾಗದಲ್ಲಿ ಅವಳ ಮಗನಿಗೆ ಹನ್ನೆರಡು ವರ್ಷ. ಆಮೇಲೆ ನಾಲ್ಕು ಚಳಿಗಾಲ ಕಳೆಯುತ್ತದೆ. ಮೂರನೇ ಭಾಗದಲ್ಲಿ ಅವನಿಗೆ ಹದಿನಾಲ್ಕು! ಕೋಟೆಯಿಂದ ಬಂದರಿಗೆ ಒಂದು ಕಡೆ ಮೂರು ದಿನದ ದಾರಿ, ಇನ್ನೊಂದು ಕಡೆ ಬೆಳಗ್ಗೆ ಹೊರಟವರು ಸಂಜೆಗೆ ಮುಟ್ಟುತ್ತಾರೆ. ಇದನ್ನೆಲ್ಲ ಹೊಂದಿಸೋಕೆ ದೊಡ್ಡ ಹಾಳೆಯಲ್ಲಿ ವರ್ಷ, ತಿಂಗಳು ಗೆರೆ ಹಾಕಿ ಗೋಡೆಗೆ ಅಂಟಿಸಿದೆ. ಮಾತಿನ ಧಾಟಿ ಇನ್ನೂ ಕಷ್ಟ. ಮೂಲವನ್ನು ತಿರುವಿ ಹಾಕಿದಾಗ ಕಣ್ಣಿಗೆ ಬಿತ್ತು, ಆಕೆ ಎಲ್ಲೂ ಪ್ರಶ್ನೆಯನ್ನೇ ಕೇಳುವುದಿಲ್ಲ. ‘ನೀನು ರಾತ್ರಿ ಮಲಗಿಲ್ಲ’ ಅನ್ನುತ್ತಾಳೆ, ‘ಮಲಗಲಿಲ್ವಾ’ ಅನ್ನಲ್ಲ. ಬರೆದ ಪ್ರಶ್ನೆಗಳನ್ನೆಲ್ಲ ತೆಗೆದೆ. ತೆಗೆದ ಮೇಲೆ ಎದುರಿನವರ ಉತ್ತರಕ್ಕೆ ಅರ್ಥವೇ ಉಳಿಯಲಿಲ್ಲ, ಇಡೀ ದೃಶ್ಯ ಮತ್ತೆ ಕಟ್ಟಬೇಕಾಯಿತು.

ಇಷ್ಟೆಲ್ಲ ಮಾಡಿದ್ದಕ್ಕೆ ಓದಿದವರು ಕೇಳಿದ್ದೇನು? ‘ಅವರಿಗೆ ಇನ್ನೊಂದು ಮದುವೆ ಮಾಡ್ಸಿ ಅಕ್ಕಾ.’ ಒಬ್ಬ ಮಹಾನುಭಾವ ‘ಮೇರಿ ಸ್ಯೂ’ ಅಂತ ಎರಡೇ ಶಬ್ದದಲ್ಲಿ ಮುಗಿಸಿದ. ಎಲ್ಲ ಬಲ್ಲ, ಕೊರತೆಯೇ ಇಲ್ಲದ ಹೆಣ್ಣು ಪಾತ್ರಕ್ಕೆ ಅನ್ನೋ ಆ ಬೈಗುಳ ಬಂದಿದ್ದು 1973ರಲ್ಲಿ, ಸ್ಟಾರ್ ಟ್ರೆಕ್ ಅನ್ನೋ ಬಾಹ್ಯಾಕಾಶ ಟಿವಿ ಸರಣಿಯ ಅಭಿಮಾನಿ ಪಾಲಾ ಸ್ಮಿತ್ ಬರೆದ ಒಂದು ಪುಟಾಣಿ ಅಣಕು ಕಥೆಯಿಂದ. ಅದರ ಮೇರಿ ಸ್ಯೂ ಹದಿನೈದೂವರೆ ವರ್ಷದ ಲೆಫ್ಟಿನೆಂಟ್. ಬಂದವಳೇ ಎಲ್ಲರ ಮನಸ್ಸು ಗೆದ್ದು, ಹಡಗು ನಡೆಸಿ, ಎಲ್ಲರನ್ನೂ ಅಳಿಸಿ ಸಾಯುತ್ತಾಳೆ. ನನ್ನ ರಾಜನಕ್ಕನಿಗೆ ಐವತ್ತು ದಾಟಿದೆ, ಮಂಡಿ ನೋವು, ಅವಳ ಮಾತು ಯಾರೂ ಕೇಳಲ್ಲ. ಒಂದೇ ಒಂದು ವಾದದಲ್ಲಿ ಗೆದ್ದಳು, ಅಷ್ಟಕ್ಕೇ ಮೇರಿ ಸ್ಯೂ! ಇದೇ ಜನ ಎಲ್ಲ ಬಲ್ಲ ಗಂಡು ಹೀರೋಗೆ ‘ಮಾಸ್’ ಅಂತಾರೆ.

ಕೊನೆಗೆ ಮೂಲದ ಮುಂದಿನ ಭಾಗ ಬಂತು. ಮೊದಲ ಅಧ್ಯಾಯದಲ್ಲೇ ಅವಳು ಜ್ವರ ಬಂದು ಸತ್ತಳು. ಒಂದು ಸಾಲಿನಲ್ಲಿ. ಸಾಯಲಿ, ನನ್ನದರಲ್ಲಿ ಸಾಯಲ್ಲ.

ಹಳೆ ಓದುಗ:
ವಯಸ್ಸು ತಪ್ಪಿತು, ದಾರಿ ತಪ್ಪಿತು ಅಂತ ಇಷ್ಟೊಂದು ಗೋಳಾಟ ಯಾಕಮ್ಮಾ? ಪತ್ತೇದಾರ ಶೆರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಯುದ್ಧದಲ್ಲಿ ಗುಂಡು ಬಿದ್ದದ್ದು ಎಲ್ಲಿಗೆ? 1887ರ ಮೊದಲ ಹೋಮ್ಸ್ ಕಾದಂಬರಿಯಲ್ಲಿ ಭುಜಕ್ಕೆ. 1890ರ ಎರಡನೆಯದರಲ್ಲಿ ಕಾಲಿಗೆ. ಹೆಸರು ಜಾನ್, ಆದರೆ ಒಂದು ಕಥೆಯಲ್ಲಿ ಕಟ್ಟಿಕೊಂಡ ಹೆಂಡತಿಯೇ ಜೇಮ್ಸ್ ಅಂತ ಕರೆಯುತ್ತಾಳೆ. ಬರೆದ ಕಾನನ್ ಡಾಯ್ಲ್ ಅದನ್ನು ತಿದ್ದೋಕೆ ಹೋಗಲಿಲ್ಲ. ಅದಕ್ಕೊಂದು ಸಮಜಾಯಿಷಿ ಹುಡುಕುತ್ತ ಕೂತವರು ಅಭಿಮಾನಿಗಳು.

ನನ್ನ ಸಲಹೆ, ಲೇಖಕರಿಗೇ ಬರೆಯಿರಿ. ಡಾಯ್ಲ್ 1893ರಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿ ಕೈತೊಳೆದುಕೊಂಡರು. ಓದುಗರು ಸುಮ್ಮನಿರಲಿಲ್ಲ, ಸಿಟ್ಟಿನ ಪತ್ರ ಬರೆದರು, ಕಥೆ ಬರುತ್ತಿದ್ದ ಪತ್ರಿಕೆಯ ಚಂದಾ ನಿಲ್ಲಿಸಿದರು. 1901ರಲ್ಲಿ, ಇದು ಸಾಯೋಕೆ ಮುಂಚಿನದು ಅನ್ನೋ ಥರ ಒಂದು ಕಾದಂಬರಿ ಶುರುವಾಯಿತು. 1903ರಲ್ಲಿ ಮನುಷ್ಯನೇ ಎದ್ದು ಬಂದ. ನಾನೂ ನನ್ನ ಲೇಖಕರಿಗೆ ಬರೆದೆ. ಯಾವ ಪುಟದಲ್ಲಿ ಪಾತ್ರ ಏನು ಹೇಳಿತ್ತು, ಯಾವ ಪುಟದಲ್ಲಿ ಅದಕ್ಕೆ ಉಲ್ಟಾ ನಡೆಯಿತು ಅಂತ ಪುಟ ಸಂಖ್ಯೆ ಹಾಕಿ, ಶಾಯಿ ಪೆನ್ನಿನಲ್ಲಿ, ಚಿತ್ತು ಆದ ಹಾಳೆಯನ್ನೆಲ್ಲ ಮತ್ತೆ ಬರೆದು. ಉತ್ತರ ಬಂತು. ‘ನಿಮ್ಮ ಪ್ರೀತಿಗೆ ಧನ್ಯವಾದ’ ಅಂತ ಅಚ್ಚು ಹಾಕಿದ ಕಾರ್ಡು, ಜೊತೆಗೊಂದು ಬುಕ್‌ಮಾರ್ಕ್. ಆದರೂ ಬರೆಯಿರಿ.

ಕೊನೆಪುಟ:
ಓದುಗರ ಕಾಟಕ್ಕೆ ಸತ್ತವನನ್ನು ಎಬ್ಬಿಸಿದ್ದು ದೊಡ್ಡ ಗೆಲುವಾ ಸಾರ್? ಹಾಗೆ ಎಬ್ಬಿಸೋಕೆ ಶುರು ಮಾಡಿದರೆ ಯಾವ ಸಾವಿಗೂ ಬೆಲೆ ಇರಲ್ಲ.

ಸೂತಪುತ್ರನ ಕಡೆಯವ:
ಅಷ್ಟು ದೂರ ಯಾಕೆ ಹೋಗ್ತೀರಿ, ಕರ್ಣನನ್ನು ನೋಡಿ. ಪಂಪ ಬರೆದದ್ದು ಅರ್ಜುನನ ಕಾವ್ಯ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನ ಅಂತ ಹಾಡಿದ. ಆದರೂ ಮಹಾಭಾರತದಲ್ಲಿ ಒಬ್ಬನನ್ನು ನೆನೆಯೋದಾದರೆ ಕರ್ಣನನ್ನು ನೆನೆ ಅಂದ. ಅಭಿಮಾನ ಅಂದರೆ ಅದು! ಬಿಡೋದೂ ಬೇಡ, ಪತ್ರವೂ ಬೇಡ. ಯಾರು ಹೇಗೆ ಬರೆದರೂ ನಮ್ಮ ಪಾತ್ರ ನಮ್ಮದೇ. ನಾನು ಕರ್ಣನ ಬಗ್ಗೆ ಬಂದಿದ್ದನ್ನೆಲ್ಲ ಸೇರಿಸಿಟ್ಟಿದ್ದೇನೆ, ಕಪಾಟಿನಲ್ಲಿ ಜಾಗ ಸಾಲದೆ ಮನೆಯಲ್ಲಿ ಬೈಸಿಕೊಳ್ಳುತ್ತೇನೆ. ಸ್ವಯಂವರದಲ್ಲಿ ದ್ರೌಪದಿ ‘ಸೂತನನ್ನು ವರಿಸೆನು’ ಅಂತ ಎಲ್ಲರೆದುರು ಅವಮಾನ ಮಾಡಿದ ಮೇಲೆ ಅವನು ಹಾಗಾಗದೆ ಇನ್ನು ಹೇಗಾಗಬೇಕಿತ್ತು?

ಅಂಚುಟಿಪ್ಪಣಿ:
ಅಣ್ಣಾ, ಆ ಮಾತು, ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಪುಣೆಯ ಭಂಡಾರಕರ್ ಸಂಸ್ಥೆ ತಂದ ಮಹಾಭಾರತದ ಪರಿಷ್ಕೃತ ಆವೃತ್ತಿಯ ಮೂಲ ಪಾಠದಲ್ಲಿ ಇಲ್ಲ, ಸೇರ್ಪಡೆ ಅಂತ ಅಡಿಟಿಪ್ಪಣಿಗೆ ಹೋಗಿದೆ. ಸಭೆಯಲ್ಲಿ ಅವಳ ಸೀರೆ ಎಳೆ ಅಂತ ದುಶ್ಶಾಸನನಿಗೆ ಕರ್ಣ ಹೇಳಿದ್ದು ಮಾತ್ರ ಅಲ್ಲೇ ಇದೆ. ಆದರೆ ನೋಡಿ, ನನಗೆ ಆ ಕರ್ಣ ಕೆಟ್ಟ ಬರವಣಿಗೆ ಅನ್ನಿಸಲ್ಲ. ಸೂತನ ಮಗ ಅಂತ ರಂಗದಲ್ಲಿ ಹಂಗಿಸಿದ್ದು, ದುರ್ಯೋಧನ ಅಂಗರಾಜ್ಯ ಕೊಟ್ಟಿದ್ದು, ಆ ಋಣ, ಅಲ್ಲಿಂದ ಸಭೆಯ ಹೊಲಸು ಮಾತಿನವರೆಗೆ ದಾರಿ ಕಾಣುತ್ತದೆ. ಈ ಸೇನಾಪತಿಯದು ಹಾಗಲ್ಲ. ಮೊನ್ನೆ ಆ ಕಡೆ ದಡ, ಇವತ್ತು ಈ ಕಡೆ ದಡ, ನಡುವೆ ದೋಣಿಯೇ ಇಲ್ಲ.

ಸೂತಪುತ್ರನ ಕಡೆಯವ:
ಅಡಿಟಿಪ್ಪಣಿ ಓದಿ ಕರ್ಣನನ್ನು ಅಳೆಯೋರ ಜೊತೆ ಏನು ಮಾತು. ತಲೆಮಾರುಗಳಿಂದ ಜನ ಕೇಳಿದ ಕಥೆ ಸುಳ್ಳಾ? ನೀವು ರಾಜನ ಅಕ್ಕನನ್ನು ಬದುಕಿಸಬಹುದು, ಜನ ಕರ್ಣನಿಗೆ ಒಂದು ಸಾಲು ಸೇರಿಸಬಾರದಾ?

ಅಂಚುಟಿಪ್ಪಣಿ:
ಸೇರಿಸಲಿ. ಸೇರಿಸಿದ್ದು ಅಂತ ಒಪ್ಪಿಕೊಳ್ಳಿ ಅಂದೆ, ಅಷ್ಟೇ. ನಾನು ನನ್ನ ಕಥೆಯನ್ನು ಮೂಲ ಅಂತ ಎಲ್ಲೂ ಹೇಳಿಲ್ಲ.

ಪುಟತಿರುವಿ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಪ್ರಶ್ನೆ ಸೇನಾಪತಿ ಬಗ್ಗೆ ಇತ್ತು. ಕೊನೆಪುಟ ಅವರು ಹೇಳಿದ್ದು ನೋಡಿ, ಅಂಥ ಸೀಸೆ ಏನಾದರೂ ಇದೆಯಾ ಅಂತ ಮತ್ತೆ ಹುಡುಕುತ್ತಿದ್ದೇನೆ. ಒಂದು ವಿಚಿತ್ರ ಸಿಕ್ಕಿದೆ. ಎರಡನೇ ಭಾಗದಲ್ಲಿ ಹೋದದ್ದು ಎಡಗಣ್ಣು. ಐದನೇ ಭಾಗದಲ್ಲಿ ಪಟ್ಟಿ ಬಲಗಣ್ಣಿಗಿದೆ.

ಹಳೆ ಓದುಗ:
ಬಂತು ನೋಡಿ, ವಾಟ್ಸನ್ ಗುಂಡು! ಬರೆದವರಿಗೆ ಮರೆತಿದೆ, ಅಷ್ಟೇ.

ಕೊನೆಪುಟ:
ಮರೆತಿದ್ದಲ್ಲ ಅನ್ಸುತ್ತೆ. ಐದರಿಂದ ಬಂದವನು ಅವನೇ ಅಲ್ಲದಿದ್ದರೆ? ತಂಗಿಯನ್ನು ಒಪ್ಪಿಸಿದ್ದು ಬೇರೆ ಯಾರೋ! ದಯವಿಟ್ಟು ಏಳನೇ ಭಾಗಕ್ಕೆ ಕಾಯಿರಿ.

ಅರ್ಧಕ್ಕೆ ಬಿಟ್ಟವಳು:
ಅಚ್ಚಿನ ತಪ್ಪಿಗೆ ಅವಳಿ ಅಣ್ಣನನ್ನು ಹುಟ್ಟಿಸ್ತಿದ್ದೀರಿ. ನಿಮ್ಮ ಎಂಜಿನಿಯರ್ ಎಲ್ಲಿ ಹೋದ ಅಂತ ಮೊದಲು ಹೇಳಿ.

ಕೊನೆಪುಟ:
ಎಂಜಿನಿಯರ್ ಸುದ್ದಿಗೆ ಬರಬೇಡಿ ಮೇಡಂ.

ಸೂತಪುತ್ರನ ಕಡೆಯವ:
ಅಡಿಟಿಪ್ಪಣಿ ಅಂದ್ರಲ್ಲ, ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ್ದಾನೆ. ಐದು ಗಂಡಂದಿರನ್ನು ಒಂದಕ್ಕೆ ಇಳಿಸಿದ ಕವಿಯನ್ನೂ ಅಡಿಟಿಪ್ಪಣಿಗೆ ಹಾಕ್ತೀರಾ? ಉತ್ತರ ಬರೋವರೆಗೆ ನಾನು ಇಲ್ಲಿಂದ ಹೋಗಲ್ಲ.