ಇಂಡಕ್ಷನ್ ಒಲೆಯ ಮೇಲೆ ಮುದ್ದೆ ತಿರುವಲು ಪಾತ್ರೆಗೆ ಹಿಡಿತವೇಕಿಲ್ಲ?

ಪ್ರಶ್ನೆ (ಮಂಡ್ಯ):
ನೆಲದ ಮೇಲೆ ಕುಳಿತು ಅಡುಗೆ ಮಾಡುತ್ತಿದ್ದ ಕಾಲದಲ್ಲಿ ಕವೆಗೋಲನ್ನು (ತುದಿ ಕವಲೊಡೆದ ಕೋಲು) ಕಾಲಿನಿಂದ ಒತ್ತಿ ಪಾತ್ರೆಯನ್ನು ಅಲುಗದಂತೆ ಹಿಡಿದು, ಎರಡೂ ಕೈಗಳ ಬಲ ಹಾಕಿ ಹಿಟ್ಟು ತಿರುವುತ್ತಿದ್ದರು. ಕಟ್ಟೆಯ ಮುಂದೆ ನಿಲ್ಲತೊಡಗಿದ ಮೇಲೆ ಕಾಲಿನ ಆ ಕೆಲಸ ಒಂದು ಕೈಯ ಪಾಲಿಗೆ ಬಂದಿದೆ. ಇಂಡಕ್ಷನ್ ಒಲೆಯ ನುಣುಪು ಗಾಜಿನ ಮೇಲಂತೂ ಕೋಲು ತಿರುಗಿದಂತೆ ಪಾತ್ರೆಯೂ ತಿರುಗುತ್ತದೆ. ದೋಸೆಗೆ, ಹಾಲಿಗೆ, ಚಹಾಕ್ಕೆ ಬೇರೆ ಬೇರೆ ಗುಂಡಿ ಕೊಡುವ ತಯಾರಕರಿಗೆ ಪಾತ್ರೆಗೊಂದು ಕೊಂಡಿ ಕೊಡಲು ಏನು ಅಡ್ಡಿ?

ಉತ್ತರ 1 (ಮೈಸೂರು, ವಿದ್ಯುತ್ ಉಪಕರಣಗಳ ರಿಪೇರಿ ಮಾಡುವವನು):
ಅಡ್ಡಿ ಇರುವುದು ಗಾಜಿನಲ್ಲಿ. ಗಾಜಿನ ಕೆಳಗಿನ ತಾಮ್ರದ ಸುರುಳಿಯು ಕಾಂತಕ್ಕೆ ಅಂಟುವ ತಳದ ಪಾತ್ರೆಯನ್ನು ಮಾತ್ರ ನೇರವಾಗಿ ಬಿಸಿಮಾಡುತ್ತದೆ. ಪಾತ್ರೆ ನಡುವಿನಿಂದ ಹೆಚ್ಚು ಸರಿದರೆ ಒಲೆ ಕೂಗಿಕೊಂಡು ನಿಲ್ಲುತ್ತದೆ. ಆ ಗಾಜು ಬಿಸಿಯನ್ನು ತಾಳುತ್ತದೆಯೇ ಹೊರತು ಕೋಲಿನ ಗುದ್ದನ್ನಲ್ಲ. ಕೊಂಡಿಯನ್ನು ಒಲೆಗೇ ಜೋಡಿಸಿದರೆ ಹಗುರವಾದ ಒಲೆಯೂ ಪಾತ್ರೆಯೊಂದಿಗೆ ತಿರುಗುತ್ತದೆ. ಆದುದರಿಂದ ಹಿಡಿತವು ಪಾತ್ರೆಯ ಎರಡು ಕಿವಿಗಳಿಂದ ನೇರವಾಗಿ ಕಲ್ಲಿನ ಕಟ್ಟೆಗೆ ಹೋಗಬೇಕು.

ಉತ್ತರ 2 (ಮಂಡ್ಯ, ಗೃಹಿಣಿ):
ತಿರುವುವಾಗ ಒಲೆಯ ಅಗತ್ಯವೇ ಇಲ್ಲವಲ್ಲ! ಕುದಿಯುವ ಎಸರಿಗೆ ಹಿಟ್ಟು ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಟ್ಟು, ಹಸಿವಾಸನೆ ಹೋದ ಮೇಲೆ ಇಳಿಸಿ ತಿರುವಿ, ಮತ್ತೆ ಸ್ವಲ್ಪ ಹೊತ್ತು ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಸಾಕು. ಒಲೆಯ ಪಕ್ಕದಲ್ಲಿ ಪಾತ್ರೆಯನ್ನು ಕೂರಿಸಲು ಒಂದು ತಗ್ಗಾದ ಚೌಕಟ್ಟು ಬೇಕು, ಕಟ್ಟೆಯೂ ಇನ್ನಷ್ಟು ತಗ್ಗಾಗಬೇಕು. ಸೊಂಟದ ಎತ್ತರದ ಕಟ್ಟೆಯಲ್ಲಿ ತೋಳಿನ ಬಲವೇ ಬೀಳುತ್ತದೆ, ಮೈಭಾರ ಬೀಳುವುದಿಲ್ಲ.

ಉತ್ತರ 3 (ಮೈಸೂರು):
ಇಲ್ಲಿಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಮುದ್ದೆ ಮಾಡುವ ಯಂತ್ರವನ್ನು ಹಿಂದೆಯೇ ರೂಪಿಸಿದೆ, ಆದರೆ ಅದು ನೂರಾರು ಜನ ಉಣ್ಣುವ ಕಡೆಗೆ ಹೊಂದುವಂಥದ್ದು. ಮನೆಯ ಮಿಕ್ಸಿಯಿಂದ ಈ ಕೆಲಸ ಆಗದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಮೋಟಾರಿಗೆ ಗಟ್ಟಿ ಹಿಟ್ಟು ಸಿಕ್ಕರೆ ಬಿಸಿಯಾಗಿ ನಿಲ್ಲುತ್ತದೆ. ನಿಧಾನವಾಗಿ, ಬಲವಾಗಿ ತಿರುಗುವ ಗ್ರೈಂಡರಿನ ಮಾದರಿಯೇ ಸರಿ, ಆದರೆ ಅದಕ್ಕೆ ಬಿಸಿ ತಳವಿಲ್ಲ.

ಪ್ರಶ್ನೆ ಕೇಳಿದವರು:
ಚೌಕಟ್ಟಿನ ಸಲಹೆ ಒಪ್ಪಿಗೆಯಾಯಿತು. ಗ್ರಾನೈಟಿಗೆ ತೂತು ಕೊರೆಯದೆ ಅದನ್ನು ಕೂರಿಸಬಹುದೇ?

ಉತ್ತರ 1 ಬರೆದವರು:
ಆಗುತ್ತದೆ. ಕಟ್ಟೆಯ ಅಂಚನ್ನು ಮೇಲೂ ಕೆಳಗೂ ಕಚ್ಚುವ ಸ್ಕ್ರೂ ಕ್ಲ್ಯಾಂಪ್ ಹಾಕಿಸಿ, ಕಲ್ಲು ಸಿಡಿಯದಂತೆ ನಡುವೆ ದಪ್ಪ ರಬ್ಬರ್ ಇಡಿಸಿ. ವೆಲ್ಡಿಂಗ್ ಅಂಗಡಿಗೆ ಹೋಗುವಾಗ ಪಾತ್ರೆಯನ್ನೇ ಒಯ್ಯಿರಿ. ಕಿವಿಗಳ ಅಳತೆ ಪಾತ್ರೆಯಿಂದ ಪಾತ್ರೆಗೆ ಬೇರೆಯಿರುತ್ತದೆ.