ಸ್ವಿಫ್ಟ್‌ಗೆ ಕಾಯಿಲೋವರ್ ಹಾಕಿಸಿದೆ, ಸ್ಟೀರಿಂಗ್ ತಿರುಗಿಸಿದರೆ ಟಂಗ್ ಅನ್ನುತ್ತೆ, ಎತ್ತರವೂ ಸಮ ಇಲ್ಲ

ಹದಡಿರಸ್ತೆ_ಸ್ವಿಫ್ಟ್
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸ್ವಿಫ್ಟ್ ಡೀಸೆಲ್, ಊರು ದಾವಣಗೆರೆ. ಹೋದ ವಾರ ಇಲ್ಲೇ ಒಂದು ಗ್ಯಾರೇಜಿನಲ್ಲಿ ಕಾಯಿಲೋವರ್ (ಗಾಡಿಯ ಎತ್ತರ ಹೊಂದಿಸಬಹುದಾದ ಶಾಕ್-ಸ್ಪ್ರಿಂಗ್ ಕಿಟ್) ಹಾಕಿಸಿದೆ. ಮುಂದಿನ ಶಾಕ್‌ಗೆ ಸ್ಪ್ರಿಂಗ್ ಕೂರುವ ಕಾಲರ್‌ಗೂ ಥ್ರೆಡ್ ಇದೆ, ಶಾಕನ್ನು ಚಕ್ರದ ಕಡೆಗೆ ಹಿಡಿಯುವ ಕೆಳಗಿನ ಬ್ರಾಕೆಟ್‌ಗೂ ಬೇರೆ ಥ್ರೆಡ್ ಇದೆ. ಸುಮಾರು 45 ಮಿ.ಮೀ. ಇಳಿಸಿದ್ದಾರೆ. ನೋಡೋಕೆ ತುಂಬಾ ಚೆನ್ನಾಗಿದೆ, ಹೈವೇಲಿ ತಿರುವು ತೆಗೆದುಕೊಂಡಾಗ ಗಾಡಿ ವಾಲೋದೂ ಕಡಿಮೆ ಆಗಿದೆ. ಆದರೆ ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಬಲಗಡೆಯಿಂದ ಟಂಗ್ ಅಂತ ಸದ್ದು. ಹಂಪ್ ಇಳಿಯುವಾಗಲೂ ಒಂದು ಸಲ ಟಕ್ ಅನ್ನುತ್ತೆ. ಬಲಗಡೆ ಸ್ವಲ್ಪ ಜಾಸ್ತಿ ಕೂತ ಹಾಗೂ ಕಾಣುತ್ತೆ. ಗ್ಯಾರೇಜಿನವರು "ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂತಾರೆ. ನಿಜವಾ? ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಇನ್ನೂ ಮಾಡಿಸಿಲ್ಲ.

ದುರ್ಗದ_ಪಾನ
ಸ್ಪ್ರಿಂಗ್ ಒಂದೆರಡು ಮಿಲಿಮೀಟರ್ ಕೂರುತ್ತೆ, ಅದು ನಿಜ. ಆದರೆ ಈ ಸದ್ದು ಓಡ್ತಾ ಓಡ್ತಾ ಹೋಗಲ್ಲ ತಮ್ಮಾ.

ಸ್ಟೀರಿಂಗ್ ತಿರುಗಿದಾಗ ಸ್ಪ್ರಿಂಗ್ ಕೂಡ ಮೇಲಿನ ಬೇರಿಂಗ್ ಮೇಲೆ ಸರಾಗವಾಗಿ ತಿರುಗಬೇಕು. ಬೇರಿಂಗ್ ಸರಿಯಾಗಿ ಕೂತಿಲ್ಲ ಅಂದರೆ, ಇಲ್ಲ ಸ್ಪ್ರಿಂಗ್ ಸಡಿಲ ಇದ್ದರೆ, ಅದು ತಿರುಚಿಕೊಂಡು ಒಮ್ಮೆಲೇ ಬಿಟ್ಟುಕೊಳ್ಳುತ್ತೆ. ನಿಮಗೆ ಕೇಳಿಸೋ ಟಂಗ್ ಅದೇ. ಜಾಕಿ ಹಾಕಿ ಮುಂದಿನ ಚಕ್ರ ಗಾಳಿಯಲ್ಲಿ ತೂಗುವ ಹಾಗೆ ಎತ್ತಿ. ಬರೀ ಜಾಕಿ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ. ಈಗ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿತು ಅಂದರೆ ಗಾಡಿ ಇಳಿಸೋಕೆ ಅವರು ಕಾಲರ್ ಇಳಿಸಿದ್ದಾರೆ ಅಂತ ಅರ್ಥ. ಇದು ಎಲ್ಲ ಕಡೆ ಆಗೋ ತಪ್ಪು. ನಿಮ್ಮ ಕಿಟ್‌ನಲ್ಲಿ ಕಾಲರ್ ಇರೋದು ಸ್ಪ್ರಿಂಗ್ ಬಿಗಿ ಇಡೋಕೆ, ಎತ್ತರ ಹೊಂದಿಸಬೇಕಾದ್ದು ಕೆಳಗಿನ ಬ್ರಾಕೆಟ್‌ನಲ್ಲಿ. ಬ್ರಾಕೆಟ್‌ನಲ್ಲಿ ಇಳಿಸಿದರೆ ಶಾಕ್ ಒಳಗಿನ ರಾಡ್ ಓಡಾಡೋ ಜಾಗ ಹಾಗೇ ಉಳಿಯುತ್ತೆ. ಕಾಲರ್ ಇಳಿಸಿ ಗಾಡಿ ಇಳಿಸಿದರೆ ಆ ಜಾಗ ಕಡಿಮೆ ಆಗಿ ಗುಂಡಿಯಲ್ಲಿ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯ ರಬ್ಬರ್ ತಡೆಗೆ, ಹೊಡೆಯುತ್ತೆ.

ಇನ್ನೊಂದು ಕೇಳ್ತೀನಿ, ಶಾಕ್ ಮೇಲಿನ ನಟ್ ಬಿಗಿ ಮಾಡುವಾಗ ಇಂಪ್ಯಾಕ್ಟ್ ಗನ್ (ನಟ್ ತಿರುಗಿಸೋ ಮೆಷಿನ್) ಹಾಕಿದರಾ? ರಾಡಿನ ತಲೆಗೆ ಅಲೆನ್ ಕೀ ಹಿಡಿದು, ಕೈಪಾನದಲ್ಲಿ ನಟ್ ತಿರುಗಿಸಬೇಕು. ಗನ್ ಹಾಕಿದರೆ ನಟ್ ಜೊತೆ ರಾಡೂ ಗಿರ್ರಂತ ತಿರುಗಿ ಒಳಗಿನ ಸೀಲ್ ಹಾಳಾಗುತ್ತೆ.

ಹದಡಿರಸ್ತೆ_ಸ್ವಿಫ್ಟ್
ಗನ್ನೇ ಹಾಕಿದರು ಅಣ್ಣ, ಎದುರೇ ನಿಂತಿದ್ದೆ. ಈಗ ಜಾಕಿ ಎತ್ತಿ ನೋಡಿದೆ. ಬಲಗಡೆ ಸ್ಪ್ರಿಂಗ್ ಮೇಲೆ ಕೆಳಗೆ ಅಲ್ಲಾಡುತ್ತೆ, ಬೆರಳಲ್ಲಿ ಹಿಡಿದು ಸುತ್ತಲೂ ತಿರುಗಿಸಬಹುದು. ಎಡಗಡೆ ಬಿಗಿ ಇದೆ.

ಹರಿಹರದ_ಡೀಸೆಲ್
ಎತ್ತರ ಅಳೆಯೋದು ಹೇಗೆ ಅಂತ ಹೇಳಿಬಿಡ್ತೀನಿ, ಥ್ರೆಡ್ ಎಣಿಸಿ ಸಮ ಮಾಡಿದರೆ ಸಮ ಆಗಲ್ಲ. ಸಮತಟ್ಟಾದ ನೆಲದಲ್ಲಿ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚು ಕಡಿಮೆ ಇದ್ದದ್ದೂ ಲೆಕ್ಕಕ್ಕೆ ಬಂದುಬಿಡುತ್ತೆ. ಜಾಕಿ ಇಳಿಸಿದ ಕೂಡಲೇ ಅಳೆಯಬೇಡಿ, ಗಾಡಿಯನ್ನು ನಾಲ್ಕು ಮೀಟರ್ ಹಿಂದೆ ಮುಂದೆ ಉರುಳಿಸಿ ಆಮೇಲೆ ಅಳೆಯಿರಿ.

ಹಿಂದೆ ಲೆಕ್ಕ ಬೇರೆ. ಸ್ವಿಫ್ಟ್‌ನಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಚಕ್ರ ತೂಗಾಡುವಾಗ ಸ್ಪ್ರಿಂಗ್ ಸೀಟಿನಿಂದ ಜಾರುವ ಹಾಗಿರಬಾರದು. ನಾಲ್ಕು ಜನ ಕೂತಾಗ ಟೈರ್ ಒಳಗೆ ತಾಗುತ್ತಾ ಅಂತಲೂ ನೋಡಿ. ನಾನು ಇದನ್ನ ನೋಡದೆ ಮದುವೆಗೆ ಎಲ್ಲರನ್ನೂ ಕೂರಿಸಿಕೊಂಡು ಹೋಗಿ ಎರಡೂ ಹಿಂದಿನ ಟೈರಿನ ಅಂಚು ಸವೆಸಿಕೊಂಡೆ.

ದುರ್ಗದ_ಪಾನ
ಅಲ್ಲಾಡುತ್ತೆ ಅಂದಮೇಲೆ ಬೇರೆ ಹುಡುಕೋದು ಬೇಡ. ಮೊದಲು ಥ್ರೆಡ್ಡನ್ನ ಬ್ರಷ್ ಹಾಕಿ ಚೊಕ್ಕ ಮಾಡಿ. ನಮ್ಮ ಕಡೆ ಧೂಳು ಎಷ್ಟು ಅಂತ ಗೊತ್ತಲ್ಲ, ಮರಳು ಸೇರಿದ ಥ್ರೆಡ್ ಮೇಲೆ ಕಾಲರ್ ತಿರುಗಿಸಿದರೆ ಕಚ್ಚಿಕೊಂಡು ಬಿಡುತ್ತೆ. ಎರಡೂ ಕಡೆ ಸ್ಪ್ರಿಂಗ್ ಬಿಗಿಯಾಗಿ ಕೂರುವವರೆಗೆ ಕೈಯಲ್ಲೇ ಕಾಲರ್ ಏರಿಸಿ, ಅಲ್ಲಿಂದ ಸಿ ಪಾನದಲ್ಲಿ (ಕಾಲರ್ ತಿರುಗಿಸೋ ಕೊಕ್ಕೆ ಪಾನ) 3ರಿಂದ 5 ಮಿ.ಮೀ. ಸಾಕು. ಆಮೇಲೆ ಬ್ರಾಕೆಟ್ ತಿರುಗಿಸಿ ಎತ್ತರ ಹೊಂದಿಸಿ. ಬ್ರಾಕೆಟ್ ಒಳಗೆ ಇಷ್ಟು ಥ್ರೆಡ್ ಇರಲೇಬೇಕು ಅಂತ ಕಿಟ್ ಜೊತೆಗಿನ ಹಾಳೆಯಲ್ಲಿ ಇರುತ್ತೆ, ಅದಕ್ಕಿಂತ ಹೊರಗೆ ತರಬೇಡಿ. ಟೈರಿಗೂ ಕಾಲರ್‌ಗೂ ಮಧ್ಯೆ ಒಂದು ಬೆರಳು ಹೋಗಬೇಕು. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಳೆಯುತ್ತಾ ನೋಡಿ.

ಹಂಪಿನ ಟಕ್‌ಗೂ ಇದೇ ಕಾರಣ ಇರಬಹುದು, ಚಕ್ರ ಕೆಳಗೆ ಜೋತಾಗ ಸಡಿಲ ಸ್ಪ್ರಿಂಗ್ ಸೀಟು ಬಿಟ್ಟು ವಾಪಸ್ ಬಡಿಯುತ್ತೆ. ಆದರೂ ಬುಷ್ (ಕೀಲುಗಳ ಒಳಗಿನ ರಬ್ಬರ್) ನೋಡಿ. ಲೋವರ್ ಆರ್ಮ್ ಬೋಲ್ಟು, ಹಿಂದಿನ ಬೀಮ್ ಬೋಲ್ಟು ಬಿಚ್ಚಿದ್ದರೆ ಕೊನೆಯ ಬಿಗಿ ಗಾಡಿ ನೆಲದ ಮೇಲೆ ನಿಂತಾಗಲೇ ಕೊಡಬೇಕು. ಚಕ್ರ ಜೋತಿರುವಾಗ ಬಿಗಿ ಮಾಡಿದರೆ ಗಾಡಿ ಇಳಿದ ಕೂಡಲೇ ಒಳಗಿನ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ.

ಶಾಕ್‌ನ ಗಟ್ಟಿತನ ಹೊಂದಿಸೋದು ಆಮೇಲೆ. ಪೂರ್ತಿ ಗಟ್ಟಿ ಮಾಡಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಅರ್ಧಕ್ಕೆ ಬನ್ನಿ. ಎಡ ಬಲ ಒಂದೇ ಲೆಕ್ಕ ಇರಲಿ. ಇಷ್ಟೆಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಎತ್ತರ ಬದಲಾದಾಗಲೆಲ್ಲ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು), ಕ್ಯಾಂಬರ್ (ಎದುರಿಂದ ನೋಡಿದಾಗ ಚಕ್ರ ವಾಲಿರೋದು) ಎರಡೂ ಬದಲಾಗುತ್ತೆ. ಟೋ ತಪ್ಪಿದರೆ ಟೈರ್ ಬೇಗ ತಿಂದುಹಾಕುತ್ತೆ.

ಜಗಳೂರು_ರಸ್ತೆ
ನೀವು ಹೇಳಿದ್ದೆಲ್ಲ ಸರಿ ಸರ್, ಆದರೆ 45 ಮಿ.ಮೀ. ನಮ್ಮ ಕಡೆಗೆ ಜಾಸ್ತಿ ಆಯ್ತು. ಆ ಸ್ವಿಫ್ಟ್ ಕೆಳಗೆ ಇರೋದೇ 170 ಮಿ.ಮೀ., ಅದೂ ಖಾಲಿ ಗಾಡಿಗೆ. ಉಳಿಯೋದು 125. ಸ್ಪೀಡ್ ಬ್ರೇಕರ್ 100 ಮಿ.ಮೀ. ಎತ್ತರ ಇರಬೇಕು ಅಂತ ಮಾನದಂಡ ಇದೆ, ಹಳ್ಳಿಗಳಲ್ಲಿ ಅಷ್ಟಕ್ಕೇ ಯಾರು ನಿಲ್ಲಿಸ್ತಾರೆ. ಕೊಯ್ಲಿನ ಕಾಲಕ್ಕೆ ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಎದುರಿಗೆ ಬಸ್ ಬಂದರೆ ನೀವು ಇಳಿಯಬೇಕಾದ್ದು ರಸ್ತೆ ಪಕ್ಕದ ಮಣ್ಣಿಗೇ. 30-35ಕ್ಕೆ ನಿಲ್ಲಿಸಿ.

ಕಾನೂನೂ ಗೊತ್ತಿರಲಿ. ಕಂಪನಿ ಕೊಟ್ಟ ವಿವರಕ್ಕೆ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡೋದಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಮುಂದೆ ಮೊದಲಿನ ಹಾಗೆ ಮಾಡಬೇಕಾಗಬಹುದು, ಹಳೇ ಶಾಕು, ಸ್ಪ್ರಿಂಗು ಗುಜರಿಗೆ ಹಾಕಬೇಡಿ.

ಹದಡಿರಸ್ತೆ_ಸ್ವಿಫ್ಟ್
ಭಾನುವಾರ ಪೂರ್ತಿ ಇದೇ ಕೆಲಸ ಮಾಡಿದೆ. ಅಳೆದಾಗ ಎಡಗಡೆ 345, ಬಲಗಡೆ 337 ಮಿ.ಮೀ. ಇತ್ತು. ಬಲಗಡೆ ಕಾಲರ್ ಒಂದೂವರೆ ಸೆಂಟಿಮೀಟರ್ ಕೆಳಗಿತ್ತು. ಈಗ ಎರಡೂ ಕಡೆ 355ಕ್ಕೆ ನಿಲ್ಲಿಸಿದ್ದೀನಿ, ಅಂದರೆ 35 ಇಳಿದ ಹಾಗೆ. ಮೇಲಿನ ನಟ್ ಕೈಪಾನದಲ್ಲೇ ಬಿಗಿ ಮಾಡಿದೆ. ಟಂಗ್ ಸದ್ದು ಪೂರ್ತಿ ಹೋಯ್ತು! ಆನಗೋಡಿನವರೆಗೆ ಹೋಗಿ ಬಂದೆ, ಟಕ್ ಕೂಡ ಇಲ್ಲ. ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಹಳೇ ಶಾಕ್ ಅಟ್ಟದ ಮೇಲೆ ಇಟ್ಟಿದ್ದೀನಿ. ಒಂದೇ ಚಿಂತೆ, ಬಲಗಡೆ ರಾಡಿನ ಸುತ್ತ ಎಣ್ಣೆಯ ತೆಳು ಉಂಗುರ ಕಾಣ್ತಾ ಇದೆ.

ದುರ್ಗದ_ಪಾನ
ಬಟ್ಟೆಯಲ್ಲಿ ಪೂರ್ತಿ ಒರೆಸಿ, 100 ಕಿ.ಮೀ. ಓಡಿಸಿ ಮತ್ತೆ ನೋಡಿ. ತೆಳು ಪಸೆ ಅಷ್ಟೇ ಇದ್ದರೆ ಭಯ ಬೇಡ. ಎಣ್ಣೆ ಕೆಳಗಿನವರೆಗೆ ಇಳಿದು ಅದರ ಮೇಲೆ ಧೂಳು ಮೆತ್ತಿಕೊಂಡಿದ್ದರೆ ಸೀಲ್ ಹೋಗಿದೆ ಅಂತಲೇ. ಈಗಲೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತೆ. ಅಲೈನ್‌ಮೆಂಟ್ ಮಾತ್ರ ನಾಳೆಯೇ ಮಾಡಿಸಿ.